ಪೇಪರ್‌ನಲ್ಲಿ ಬಂದ ಸರ್ಚ್ ಕ್ವೆರಿ ಹಾಗೇ ಹಾಕಿದ್ರೆ ಎರರ್ ಯಾಕೆ ಬರುತ್ತೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನ ಕಂಪ್ಯೂಟರ್ ಅಂಕಣ ನಾನು ತಪ್ಪದೇ ಓದ್ತೀನಿ. ಕಂಪ್ಯೂಟರ್ ಒಳಗಿರೋ ಫೈಲ್‌ಗಳನ್ನ ಸರ್ಚ್ ಟೂಲ್‌ನಲ್ಲಿ ಹುಡುಕೋದು ಹೇಗೆ ಅಂತ ಬಂದ ಬರಹ ನೋಡಿ ಖುಷಿ ಆಯ್ತು, ಇಂಥದ್ದನ್ನ ಕನ್ನಡದಲ್ಲಿ ಕೂತು ಬರೆಯೋರು ಕಮ್ಮಿ. ಆದ್ರೆ ಅದರಲ್ಲಿದ್ದ ಕ್ವೆರಿನ, ಅಂದ್ರೆ ಹುಡುಕೋಕೆ ಟೂಲ್‌ನಲ್ಲಿ ಬರೆಯೋ ಸಾಲನ್ನ, ಇ-ಪೇಪರ್‌ನಿಂದ ಕಾಪಿ ಮಾಡಿ ಹಾಕಿದ್ರೆ ಕೆಲಸ ಮಾಡಲ್ಲ. ಬರೆದವರು ಸರಿಯಾಗೇ ಬರೆದಿದ್ದಾರೆ, ಟೂಲೂ ಸರಿ ಇದೆ, ಪುಟ ಕಟ್ಟೋವಾಗ ಅದರೊಳಗಿನ ಚಿಹ್ನೆ ಬದಲಾಗಿಬಿಟ್ಟಿವೆ. ಓದಿದವರು ತಮ್ಮದೇ ತಪ್ಪು ಅಂದ್ಕೊಂಡು ಕೈಬಿಡಬಾರದು ಅಂತ ಈ ಪತ್ರ ಬರೀತಿದ್ದೀನಿ.

ನನಗಾಗಿದ್ದು ಹೀಗೆ. ಉದಾಹರಣೆಗೆ ಕೊಟ್ಟಿದ್ದ “ರಜೆ ಅರ್ಜಿ” ಅನ್ನೋದನ್ನ ಕೋಟ್ ಸಮೇತ ಕಾಪಿ ಮಾಡಿ ಹಾಕಿದೆ, ಎರಡೂ ಪದ ಜೊತೆಯಾಗಿರೋ ಫೈಲ್ ಮಾತ್ರ ಬರಬೇಕಿತ್ತು, ಬಂದಿದ್ದು ರಜೆ ಅಂತ ಇರೋದು ಅರ್ಜಿ ಅಂತ ಇರೋದು ಎಲ್ಲಾ ಸೇರಿ ಉದ್ದದ ಪಟ್ಟಿ. ಕೊನೇ ಕೋಟ್ ಸರಿ ಬಿದ್ದಿಲ್ಲವೇನೋ ಅಂತ ಅದನ್ನ ಅಳಿಸಿ ಕೀಬೋರ್ಡ್‌ನಿಂದ ಇನ್ನೊಂದು ಸಲ ಹೊಡೆದೆ, ಈಗ ಪಟ್ಟಿನೂ ಹೋಯ್ತು, ‘ಲೆಕ್ಸಿಕಲ್ ಎರರ್’ ಅಂತ ಕೆಂಪು ಅಕ್ಷರದಲ್ಲಿ ಬಂತು. ಒಂದು ಗಂಟೆ ಕೂತಿದ್ದೆ. ಆಮೇಲೆ ಫಾಂಟ್ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯ್ತು, ಮೊದಲಿನ ಕೋಟ್ ಬಾಗಿದೆ “ ಹೀಗೆ, ಕೊನೇದು ನೆಟ್ಟಗಿದೆ " ಹೀಗೆ. ನನ್ನ ಟೂಲ್‌ಗೆ ನೆಟ್ಟಗಿರೋದು ಮಾತ್ರ ಕೋಟ್, ಬಾಗಿರೋದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಅದಕ್ಕೆ ಕಂಡಿದ್ದು ಶುರುವಾಗಿ ಮುಗಿಯದೇ ಇರೋ ಒಂಟಿ ಕೋಟ್, ಅದಕ್ಕೇ ಎರರ್.

ಆ ಎರರ್ ಮೆಸೇಜ್ ನೋಡಿ ಎಷ್ಟೋ ಜನ ಫೈಲ್ ಡಿಲೀಟ್ ಆಗಿದೆ ಅಂತ ಗಾಬರಿ ಆಗ್ತಾರೆ, ಟೂಲ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ತಾರೆ, ಇಂಡೆಕ್ಸ್ (ಟೂಲ್ ಮೊದಲೇ ಮಾಡಿಟ್ಕೊಳ್ಳೋ ಪದಗಳ ಪಟ್ಟಿ) ಪೂರ್ತಿ ಹೊಸದಾಗಿ ಮಾಡಿಸ್ತಾರೆ. ಯಾವುದೂ ಬೇಡ. ಟೂಲ್ ಇನ್ನೂ ಹುಡುಕೋಕೇ ಶುರು ಮಾಡಿಲ್ಲ, ನಾವು ಬರೆದಿದ್ದನ್ನ ಓದೋ ಹಂತದಲ್ಲೇ ನಿಂತಿದೆ. ಮೆಸೇಜ್‌ನಲ್ಲಿ ಕಾಲಂ ಅಂತ ಒಂದು ನಂಬರ್ ಇರುತ್ತೆ, ಕ್ವೆರಿಲಿ ಸುಮಾರು ಅಷ್ಟನೇ ಅಕ್ಷರದ ಆಸುಪಾಸು ನೋಡಬೇಕು. ‘ಇಒಎಫ್’ (EOF) ಅಂತ ಇದ್ರೆ ಕ್ವೆರಿ ಮುಗಿದೇಹೋಯ್ತು ಆದ್ರೂ ಏನೋ ಬಾಕಿ ಇದೆ ಅಂತ ಅರ್ಥ, ಬಹುತೇಕ ಮುಚ್ಚದ ಬ್ರಾಕೆಟ್ಟು ಇಲ್ಲಾ ಮುಚ್ಚದ ಕೋಟು.

ಇನ್ನೊಂದು ಎಲ್ಲರಿಗೂ ಆಗೋದು ಕೋಲನ್‌ದು. ಪತ್ರದ ಮೇಲಿರೋ ಸಾಲನ್ನ ಹಾಗೇ ತಂದು ‘ವಿಷಯ: ರಜೆ’ ಅಂತ ಹಾಕಿದ್ರೆ ಟೂಲ್ ‘ವಿಷಯ’ ಅನ್ನೋದನ್ನ ಹುಡುಕೋ ಪದ ಅಂತ ತಗೊಳಲ್ಲ, ಅದೊಂದು ಫೀಲ್ಡ್ ಹೆಸರು, ಅಂದ್ರೆ ಫೈಲ್‌ನ ಯಾವ ಭಾಗದಲ್ಲಿ ಹುಡುಕಬೇಕು ಅನ್ನೋದು, ಅಂದ್ಕೊಳ್ಳುತ್ತೆ, ಅಂಥ ಫೀಲ್ಡ್ ಇಲ್ಲದ್ದಕ್ಕೆ ಸದ್ದಿಲ್ಲದೆ ಸೊನ್ನೆ ರಿಸಲ್ಟ್ ತೋರಿಸುತ್ತೆ. ಅದೇ ‘ವಿಷಯ: 10:30’ ಅಂತ ಹಾಕಿದ್ರೆ ಎರಡನೇ ಕೋಲನ್ ಹತ್ರ ಎರರ್. ನನ್ನ ಪ್ರಕಾರ ಮೊದಲನೇದೇ ಕೆಟ್ಟದ್ದು, ಎರರ್ ಬಂದ್ರೆ ಎಲ್ಲೋ ತಪ್ಪಿದೆ ಅಂತ ಗೊತ್ತಾದ್ರೂ ಆಗುತ್ತೆ, ಸೊನ್ನೆ ಬಂದ್ರೆ ಫೈಲೇ ಇಲ್ಲ ಅಂತ ನಂಬಿಬಿಡ್ತೀವಿ. ಕೋಲನ್‌ಗೆ ಮುಂಚೆ ಒಂದು ಬ್ಯಾಕ್‌ಸ್ಲ್ಯಾಶ್ (\) ಹಾಕಿ ಇಲ್ಲಾ ಆ ಸಾಲನ್ನ ನೆಟ್ಟಗಿನ ಕೋಟ್ ಒಳಗೆ ಹಾಕಿ, ಸರಿಹೋಗುತ್ತೆ.

ಇದೆಲ್ಲಾ ಲೂಸೀನ್ ಅನ್ನೋ ಲೈಬ್ರರಿ (ಬೇರೆ ಸಾಫ್ಟ್‌ವೇರ್‌ಗಳು ತಮ್ಮೊಳಗೆ ಸೇರಿಸ್ಕೊಳ್ಳೋ ಸಿದ್ಧ ಕೋಡ್) ಮೇಲೆ ನಿಂತಿರೋ ಟೂಲ್‌ಗಳ ಮಾತು, ಡಗ್ ಕಟಿಂಗ್ ಅನ್ನೋರು ಶುರು ಮಾಡಿದ್ದು, ಡಾಕ್‌ಫೆಚರ್ ಅನ್ನೋ ಫೈಲ್ ಹುಡುಕೋ ಟೂಲ್ ಒಳಗಿರೋದೂ ಅದೇ. ಅದರಲ್ಲಿ ಪದಗಳನ್ನ ಜೋಡಿಸೋ ‘ಆ್ಯಂಡ್’ (AND), ‘ಆರ್’ (OR), ‘ನಾಟ್’ (NOT) ಮೂರೂ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇರಬೇಕು, ವಿಂಡೋಸ್‌ನ ಸರ್ಚ್‌ನಲ್ಲೂ ಹಾಗೇ, ಸಣ್ಣಕ್ಷರ ಆದ್ರೆ ಅದೂ ಒಂದು ಮಾಮೂಲಿ ಪದ ಆಗೋಗುತ್ತೆ. ನಿಮ್ಮ ಬರಹದಲ್ಲಿ ಇವು ಸಣ್ಣಕ್ಷರದಲ್ಲೇ ಅಚ್ಚಾಗಿವೆ.

ಟೂಲ್ ಬದಲಾದ್ರೆ ವ್ಯಾಕರಣಾನೂ ಬದಲಾಗುತ್ತೆ, ಇದನ್ನ ಬರಹದಲ್ಲಿ ಹೇಳಿರಲಿಲ್ಲ. ಲೂಸೀನ್‌ನಲ್ಲಿ ಸೆಟ್ಟಿಂಗ್ ಮುಟ್ಟದೇ ಇದ್ರೆ ಎರಡು ಪದದ ಮಧ್ಯದ ಗ್ಯಾಪ್ ಅಂದ್ರೆ ಇದು ಇಲ್ಲಾ ಅದು, ಎವೆರಿಥಿಂಗ್ ಅನ್ನೋ ಟೂಲ್‌ನಲ್ಲಿ ಅದೇ ಗ್ಯಾಪ್ ಅಂದ್ರೆ ಎರಡೂ ಇರಲೇಬೇಕು. ಎವೆರಿಥಿಂಗ್‌ನಲ್ಲಿ ಇದು ಇಲ್ಲಾ ಅದು ಅನ್ನೋಕೆ | ಗೆರೆ, ಬೇಡ ಅನ್ನೋಕೆ ! ಚಿಹ್ನೆ, ಗುಂಪು ಮಾಡೋಕೆ ದುಂಡು ಬ್ರಾಕೆಟ್ ಬದಲು < > ಹಾಕಬೇಕು. ಒಂದರ ಕ್ವೆರಿ ತಗೊಂಡು ಇನ್ನೊಂದಕ್ಕೆ ಹಾಕಿದ್ರೆ ಹೇಗೆ ನಡೆಯುತ್ತೆ?

ಎರರ್ ಬಂದಾಗ ನಾನು ಮಾಡೋದು ಇಷ್ಟೇ, ಎಲ್ಲಾ ಅಳಿಸಿ ಒಂದೇ ಒಂದು ಪದ ಹಾಕ್ತೀನಿ, ಅದು ಬಂದ್ರೆ ಕೋಟ್ ಸೇರಿಸ್ತೀನಿ, ಆಮೇಲೆ ಎರಡನೇ ಪದ, ಆಮೇಲೆ ತಾರೀಖು, ಯಾವ ತುಂಡು ಸೇರಿಸಿದಾಗ ಎರರ್ ಬರುತ್ತೋ ಅದೇ ಕಳ್ಳ. ನೋಟ್‌ಪ್ಯಾಡ್‌ಗೆ ಒಂದ್ಸಲ ಪೇಸ್ಟ್ ಮಾಡಿ ತೆಗೆದ್ರೆ ಸರಿಹೋಗುತ್ತೆ ಅಂತ ಕೆಲವರು ಹೇಳ್ತಾರೆ, ಅದು ಫಾಂಟು ಬಣ್ಣ ತೆಗೆಯುತ್ತೆ ಅಷ್ಟೇ, ಬಾಗಿದ ಕೋಟ್ ಹಾಗೇ ಉಳಿಯುತ್ತೆ, ಚಿಹ್ನೆಗಳನ್ನ ಕೈಯಾರೆ ಹೊಡೆಯೋದೇ ವಾಸಿ. ಕನ್ನಡ ಪದ ಹುಡುಕೋರಿಗೆ ಇನ್ನೊಂದು ಮಾತು, ‘ಸಾಫ್ಟ್‌ವೇರ್’ ಥರದ ಪದದ ಮಧ್ಯೆ ಅಕ್ಷರ ಕೂಡದಂತೆ ತಡೆಯೋ ಒಂದು ಕಾಣದ ಕ್ಯಾರೆಕ್ಟರ್ ಇರುತ್ತೆ, ಫೈಲ್‌ನಲ್ಲಿ ಅದಿದ್ದು ನಾವು ಬಿಟ್ಟು ಹೊಡೆದ್ರೆ ಕೆಲವು ಟೂಲ್‌ಗಳಿಗೆ ಸಿಗೋದೇ ಇಲ್ಲ.

ಹಾಗಾಗಿ ನಿಮ್ಮಲ್ಲಿ ಕೇಳ್ಕೊಳ್ಳೋದು ಏನಂದ್ರೆ, ಕ್ವೆರಿಯನ್ನ ವಾಕ್ಯದ ಮಧ್ಯೆ ಸೇರಿಸದೆ ಬೇರೆ ಸಾಲಿನಲ್ಲಿ ಹಾಕಿ, ಕೋಟ್ ನೆಟ್ಟಗೇ ಇರಲಿ, ಮೈನಸ್ ಇರೋ ಕಡೆ ಉದ್ದ ಗೆರೆ ಬರದೇ ಇರಲಿ, ಕಾಲಂ ಅಗಲ ಸಾಲದೆ ಕ್ವೆರಿನ ಹೈಫನ್ ಹಾಕಿ ಮುರಿಯೋದು ಬೇಡ, ಓದಿದವರು ಆ ಹೈಫನ್ನೂ ಸೇರಿಸಿ ಟೈಪ್ ಮಾಡ್ತಾರೆ. ಯಾವ ಟೂಲು, ಯಾವ ವರ್ಷನ್ ಅಂತ ಪಕ್ಕದಲ್ಲೇ ಹಾಕಿ. ಮತ್ತೆ ಆ ಬರಹದ ಕ್ವೆರಿಗಳನ್ನ ಸರಿಪಡಿಸಿ ಮುಂದಿನ ಅಂಕಣದಲ್ಲಿ ಒಂದು ತಿದ್ದುಪಡಿ ಕೊಡಿ, ಕತ್ತರಿಸಿ ಇಟ್ಕೊಂಡವರು ಅದನ್ನೂ ಪಕ್ಕಕ್ಕೆ ಅಂಟಿಸ್ಕೊಳ್ತಾರೆ.

ಇಂತಿ,
ನಿಮ್ಮ ಅಂಕಣದ ಕಾಯಂ ಓದುಗ