ಡಾಕ್ಟರಮ್ಮ ಹಟ್ಟಿಯೊಳಗೆ ಬಂದಿದ್ದರು

ಮಾನ್ಯ ಸಂಪಾದಕರೇ,

ಜುಲೈ 1ರ ವೈದ್ಯರ ದಿನಕ್ಕೆ ಕೊರೊನಾ ಕಾಲದ ಡಾಕ್ಟರುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದದ್ದನ್ನು ಓದಿದೆ. ನಮ್ಮ ಡಾಕ್ಟರಮ್ಮನ ವಿಷಯವೂ ನಾಲ್ಕು ಜನಕ್ಕೆ ಗೊತ್ತಾಗಲಿ. ನಾನು ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಸೊಸೆ, ಅಲ್ಲೇ ಆಶಾ ಕಾರ್ಯಕರ್ತೆ. ತಮ್ಮ ಹೆಸರು ಹಾಕಬೇಡ ಅಂತ ಡಾಕ್ಟರಮ್ಮನೇ ಹೇಳಿದ್ದಾರೆ, ಅದಕ್ಕೇ ಹಾಕಿಲ್ಲ.

2021ರ ಮೇ ತಿಂಗಳು, ಎರಡನೇ ಅಲೆ. ಎಲ್ಲಿ ಕೇಳಿದರೂ ಬೆಡ್ ಇಲ್ಲ ಅನ್ನುತ್ತಿದ್ದರು. ಹಟ್ಟಿಯಲ್ಲಿ ಮನೆಮನೆಗೂ ಜ್ವರ. ಆದರೆ ಟೆಸ್ಟ್ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಸ್ಪತ್ರೆಗೆ ಹೋದವರ ಹೆಣ ಕೂಡ ಕೊಡಲ್ಲ ಅನ್ನುವ ಭಯ. ಲಸಿಕೆ ಅಂದರಂತೂ ಕುರಿ ಹೊಡೆದುಕೊಂಡು ಅಡವಿ ಸೇರಿಬಿಡುತ್ತಿದ್ದರು.

ಡಾಕ್ಟರಮ್ಮ ಆಗಷ್ಟೇ ಎಂಬಿಬಿಎಸ್ ಮುಗಿಸಿ, ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಹಟ್ಟಿಗೆ ಬರುವ ಮುಂಚೆ ನನ್ನನ್ನು ಕೇಳಿದರು, "ಅಕ್ಕ, ಅಲ್ಲಿ ಏನು ಮಾಡಬಾರದು ಹೇಳಿ." ನಮ್ಮ ಹಟ್ಟಿಯೊಳಗೆ ಚಪ್ಪಲಿ ಮೆಟ್ಟಿ ಓಡಾಡುವುದಿಲ್ಲ. ಅವರು ಬೇಲಿಯ ಆಚೆಯೇ ಚಪ್ಪಲಿ ಬಿಟ್ಟು, ಮೇ ಬಿಸಿಲಿನ ನೆಲದ ಮೇಲೆ ನಡೆದು ಬಂದರು. ಅಷ್ಟಕ್ಕೇ ಅರ್ಧ ಬಾಗಿಲು ತೆರೆದವು.

ಕುರಿ ಕಾಯುವ ಅಜ್ಜ ಒಬ್ಬರ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕಿದರೆ ನಂಬರೇ ನಿಲ್ಲುತ್ತಿರಲಿಲ್ಲ. ಆಗತಾನೆ ತಣ್ಣೀರಲ್ಲಿ ಕೈ ತೊಳೆದಿದ್ದರು. ಡಾಕ್ಟರಮ್ಮ ಅವರ ಕೈ ಹಿಡಿದು ಚೆನ್ನಾಗಿ ಉಜ್ಜಿದರು. 95 ಬಂತು. ನಾನು ಪರವಾಗಿಲ್ಲ ಅಂದುಕೊಂಡೆ. ಅವರು ಬಿಡಲಿಲ್ಲ. "ಅಜ್ಜ, ಆರು ನಿಮಿಷ ನಡೆಯೋಣ ಬನ್ನಿ" ಅಂತ ಬೇಲಿಗುಂಟ ತಾವೂ ಜೊತೆಗೆ ನಡೆದರು. ವಾಪಸ್ ಬಂದಾಗ 89ಕ್ಕೆ ಇಳಿದಿತ್ತು, ಅದು ಅಪಾಯದ ಮಟ್ಟ. ಅಜ್ಜನಿಗೆ ಏದುಸಿರು ಕೂಡ ಇರಲಿಲ್ಲ. 108ಕ್ಕೆ ಫೋನ್ ಮಾಡಿ, ಬೆಡ್ ಸಿಕ್ಕಿತು ಅನ್ನುವವರೆಗೂ ಅವರು ಫೋನ್ ಕೆಳಗಿಡಲಿಲ್ಲ. ಅಜ್ಜ ಇವತ್ತಿಗೂ ಕುರಿ ಕಾಯುತ್ತಾರೆ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಬಾಣಂತಿ, ಕೂಸನ್ನು ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಡುವ ರೂಢಿ ಇನ್ನೂ ಇದೆ. ನಾನೂ ಇದ್ದು ಬಂದವಳು. ಆ ಮೇ ತಿಂಗಳಲ್ಲಿ ಹಾಗಿದ್ದ ಒಬ್ಬ ಹುಡುಗಿಗೆ ಜ್ವರ ಬಂತು, ಪಾಸಿಟಿವ್ ಆಯಿತು. ಹಿಂದಿನ ರಾತ್ರಿ ಮಳೆ ಸುರಿದು ಗುಡಿಸಲು ಸೋರಿತ್ತು. ಡಾಕ್ಟರಮ್ಮ ಬಗ್ಗಿಕೊಂಡು ಒಳಗೆ ಹೋಗಿ ಗೋಣಿಚೀಲದ ಮೇಲೆ ಕೂತರು. ಮೊದಲು ಮುಟ್ಟಿದ್ದು ಕೂಸಿನ ಪಾದ. ತಣ್ಣಗಿತ್ತು. ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿ ಮೇಲೆ ಸೀರೆ ಸುತ್ತಿಸಿದರು. "ಮಾಸ್ಕ್ ಹಾಕ್ಕೊಂಡೇ ಹಾಲು ಕೊಡು ತಾಯಿ, ನಿಲ್ಲಿಸಬೇಡ" ಅಂದರು.

ಆಸ್ಪತ್ರೆಗೆ ಕಳಿಸಲು ಹಿರಿಯರು ಒಪ್ಪಲಿಲ್ಲ. ಮೌಢ್ಯ ತಡೆಯುವ 2017ರ ಕಾಯ್ದೆ ಇದೆ, ಪೊಲೀಸರನ್ನು ಕರೆಯಬಹುದಿತ್ತು. ಆ ಕಾಯ್ದೆ ಬೇಕೇ ಬೇಕು ಅನ್ನುವವಳು ನಾನು. ಆದರೆ ಅವತ್ತು ಪೊಲೀಸರು ಬಂದಿದ್ದರೆ ಜ್ವರ ಬಂದ ಉಳಿದವರೆಲ್ಲ ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಡಾಕ್ಟರಮ್ಮ ಯಜಮಾನರ ಹತ್ತಿರ ಹೋಗಿ ಕೇಳಿದರು, "ಹೊರಗೇ ಇರಬೇಕು ತಾನೇ? ಆಸ್ಪತ್ರೆಯೂ ಹಟ್ಟಿಯ ಹೊರಗೇ ಇದೆ ಅಲ್ವಾ ಯಜಮಾನ್ರೇ?" ಯಾರಿಗೂ ಮಾತೇ ಹೊರಡಲಿಲ್ಲ. ಸಂಜೆಯೊಳಗೆ ತಾಯಿ, ಮಗು ಇಬ್ಬರೂ ಆಸ್ಪತ್ರೆಯ ಬೆಚ್ಚನೆ ವಾರ್ಡಲ್ಲಿದ್ದರು.

ಲಸಿಕೆಗೂ ಹೀಗೇ. ಜೂನ್‌ನಲ್ಲಿ ನಮ್ಮ ದೇವರು ಜುಂಜಪ್ಪನ ಪೂಜಾರಿಗಳೇ ಮೊದಲು ಬೇವಿನ ಮರದ ಕೆಳಗೆ ತೋಳು ಒಡ್ಡಿದರು. "ರಾತ್ರಿ ಜ್ವರ ಬರುತ್ತೆ, ಹೆದರಬೇಡಿ" ಅಂತ ಡಾಕ್ಟರಮ್ಮ ಮೊದಲೇ ಹೇಳಿ ಮಾತ್ರೆ ಕೊಟ್ಟಿದ್ದರಿಂದ, ಜ್ವರ ಬಂದಾಗ ಯಾರೂ ಗಾಬರಿಯಾಗಲಿಲ್ಲ. ಕೋವಿಶೀಲ್ಡ್ ಎರಡನೇ ಡೋಸಿಗೆ ಆಗ 84 ದಿನ ಕಾಯಬೇಕಿತ್ತು. ಕುರಿ ಹಿಂದೆ ಊರೂರು ತಿರುಗುವವರಿಗೆ ಆ ಲೆಕ್ಕ ಎಲ್ಲಿ ನೆನಪಿರುತ್ತೆ? "ಗೌರಿ ಹಬ್ಬಕ್ಕೆ ಹಟ್ಟಿಗೆ ಬಂದುಬಿಡಿ" ಅಂದರು. ಬಹಳ ಜನ ಬಂದರು.

ಅವರ ವರ್ಷ ಮುಗಿಯಿತು, ಹೋದರು. ಆಮೇಲೆ ಬಂದ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುಮಾರು 30 ಸಾವಿರ ಜನ ಅಂತ ಲೆಕ್ಕ, ಆಸ್ಪತ್ರೆಗೆ ಬರುವ ಹೊರರೋಗಿಗಳನ್ನು ಬಿಟ್ಟು ಏಳಲು ಆಗುವುದಿಲ್ಲ. ಆದರೆ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬಗ್ಗಿ ಒಳಗೆ ಹೋಗಿ ಕೂಸಿನ ಪಾದ ಮುಟ್ಟಿ ನೋಡುವ ಒಬ್ಬ ಡಾಕ್ಟರು ಅಲ್ಲಿಗೂ ಹೋಗಿದ್ದರೆ ಅನ್ನಿಸುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ನಾವು ಆಶಾಗಳು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೇವೆ. ಗೊಲ್ಲರಹಟ್ಟಿಗಳಲ್ಲಿ ಇದರಲ್ಲಿ ಒಂದು ದಿನವಾದರೂ, 7ನೇ ದಿನವಾದರೆ ಒಳ್ಳೆಯದು, ಡಾಕ್ಟರು ನಮ್ಮ ಜೊತೆ ಬರಲೇಬೇಕು ಅಂತ ಜಿಲ್ಲಾ ಆರೋಗ್ಯಾಧಿಕಾರಿಗಳು ಆದೇಶ ಮಾಡಲಿ. ಡಾಕ್ಟರು ಬದಲಾದಾಗ ಹಳಬರೇ ಹೊಸಬರನ್ನು ಹಟ್ಟಿಗೆ ಕರೆತಂದು ಯಜಮಾನರಿಗೆ ಪರಿಚಯ ಮಾಡಿಕೊಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಜಾಸ್ತಿ ದುಡ್ಡೂ ಬೇಡ. ನಮ್ಮ ಹಟ್ಟಿಯಲ್ಲಿ ಈಗ ಇಬ್ಬರು ತುಂಬು ಬಸುರಿಯರಿದ್ದಾರೆ, ಮಳೆಯೂ ಹಿಡಿದಿದೆ. ಈ ತಿಂಗಳಿಂದಲೇ ಶುರು ಮಾಡಲಿ.

– ಒಬ್ಬ ಆಶಾ ಕಾರ್ಯಕರ್ತೆ,
ಶಿರಾ ತಾಲ್ಲೂಕು, ತುಮಕೂರು ಜಿಲ್ಲೆ