ರಕ್ತದ ಅಂಕೆಯನ್ನು ನಂಬಿ ಗರ್ಭಕೊರಳನ್ನು ಮರೆಯುವುದೇ?

ಮಾನ್ಯ ಸಂಪಾದಕರೇ,

ಮುಂಬಯಿ ಉಪನಗರಗಳ ನಮ್ಮ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಈಚೆಗೆ ‘ಮಹಿಳೆಯರ ಕ್ಯಾನ್ಸರ್ ಪ್ಯಾಕೇಜ್’ ಎಂಬ ರಕ್ತಪರೀಕ್ಷೆಯೊಂದು ಸೇರಿಕೊಳ್ಳುತ್ತಿದೆ. ಮೂರು ದಶಕ ಪೆಥಾಲಜಿ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದ ನಾನು ಅಂಥದ್ದೊಂದು ಶಿಬಿರದಲ್ಲಿ ವರದಿ ಹಂಚುವ ಮೇಜಿನ ಬಳಿ ಕುಳಿತಿದ್ದೆ. ಸುಮಾರು ನಲವತ್ತೈದರ ಹೆಂಗಸೊಬ್ಬರು ತಮ್ಮ ಕಾಗದ ತೆಗೆದುಕೊಂಡರು. ಅದರಲ್ಲಿ ‘ಸಿಎ-125: 14’ ಎಂದಿತ್ತು, ಪಕ್ಕದಲ್ಲಿ ಮಿತಿ 35 ಎಂದು ಅಚ್ಚಾಗಿತ್ತು. ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತ, ‘ಅಬ್ಬ, ಇನ್ನೊಂದು ವರ್ಷ ಯೋಚನೆ ಇಲ್ಲ’ ಎಂದರು. ಮಾತಿಗೆ ಮಾತು ಬೆಳೆದು, ಬಹಳ ಹಿಂಜರಿದ ಮೇಲೆ ತಿಳಿದದ್ದು: ಐದು ತಿಂಗಳಿನಿಂದ ಎರಡು ಮುಟ್ಟುಗಳ ನಡುವೆಯೂ, ಗಂಡನೊಡನೆ ಸೇರಿದ ಮೇಲೂ ರಕ್ತ ಕಾಣಿಸುತ್ತಿದೆ. ‘ಕ್ಯಾನ್ಸರ್ ಇದ್ದಿದ್ದರೆ ರಕ್ತದಲ್ಲಿ ಬರುತ್ತಿತ್ತಲ್ಲ?’ ಎಂಬುದು ಅವರ ಪ್ರಶ್ನೆ.

ಹೀಗೆ ರಕ್ತ ಕಂಡಾಗ ಅನುಮಾನಿಸಬೇಕಾದ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರು ಈ ಪರೀಕ್ಷೆಯಲ್ಲಿ ಬರುವುದಿಲ್ಲ ಎಂಬುದನ್ನು ಹೇಳಲೆಂದೇ ಈ ಪತ್ರ. ಸಿಎ-125 ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು, ಮುಖ್ಯವಾಗಿ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಸೂಚಕ, ಮತ್ತು ಅಲ್ಲಿಯೂ ಅದು ಅಷ್ಟೇನೂ ನೆಚ್ಚಬಹುದಾದ ಸಾಕ್ಷಿಯಲ್ಲ. ಮೊದಲ ಹಂತದಲ್ಲಿರುವ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದು ಏರಿರುವುದೇ ಇಲ್ಲ. ಅದೇ ಹೊತ್ತಿಗೆ ಮುಟ್ಟು, ಬಸುರು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ), ಹೊಟ್ಟೆಯ ಕ್ಷಯ ಇವುಗಳಲ್ಲೆಲ್ಲ ಏರಿ, ಏನೂ ಇಲ್ಲದ ಹುಡುಗಿಯರ ನಿದ್ದೆ ಕೆಡಿಸುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2021ರಲ್ಲಿ ಅಂತಿಮ ಫಲಿತಾಂಶ ಪ್ರಕಟವಾದ ಅಧ್ಯಯನದಲ್ಲಿ, ಈ ಸೂಚಕವನ್ನು ವರ್ಷವರ್ಷ ಅಳೆದರೂ ಅಂಡಾಶಯದ ಕ್ಯಾನ್ಸರಿನ ಸಾವುಗಳು ಕಡಿಮೆಯಾಗಲಿಲ್ಲ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಅಳೆಯುವ ಎಸ್‌ಸಿಸಿ ಆಂಟಿಜೆನ್ ಎಂಬ ಇನ್ನೊಂದು ಸೂಚಕವೂ ಉಪಯೋಗಕ್ಕೆ ಬರುವುದು ರೋಗ ಗೊತ್ತಾದ ಮೇಲೆ, ಚಿಕಿತ್ಸೆಯ ನಂತರ ಅದು ಮರಳುತ್ತಿದೆಯೇ ಎಂದು ಕಾಯಲು. ಸೋರಿಯಾಸಿಸ್ ಎಂಬ ಚರ್ಮರೋಗ ಇದ್ದರೂ ಅದು ಏರುತ್ತದೆ. ಮಾದರಿಗೆ ನಮ್ಮಂಥವರ ಎಂಜಲಿನ ಹನಿ ಸಿಡಿದರೂ ಏರುತ್ತದೆ, ಆದ್ದರಿಂದಲೇ ಆ ಸೀಸೆ ತೆರೆದಿರುವಾಗ ನಾವು ಬಾಯಿ ಮುಚ್ಚಿಕೊಂಡಿರುತ್ತಿದ್ದೆವು.

ಗರ್ಭಕೊರಳಿನ ಕ್ಯಾನ್ಸರಿನ ಕಥೆಯೇ ಬೇರೆ. ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಎಚ್‌ಪಿವಿ ಎಂಬ ವೈರಸ್ಸಿನ ಕೆಲಸ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ 1983-84ರಲ್ಲಿ ಅದರ 16 ಮತ್ತು 18ನೇ ಬಗೆಗಳನ್ನು ಗಡ್ಡೆಯೊಳಗೇ ಗುರುತಿಸಿ, 2008ರಲ್ಲಿ ನೊಬೆಲ್ ಪಡೆದರು. ಹತ್ತರಲ್ಲಿ ಏಳು ಪ್ರಕರಣಗಳಿಗೆ ಈ ಎರಡೇ ಕಾರಣ. ಸೋಂಕು ತಗಲುವುದು ಯಾವ ಕಳಂಕವೂ ಅಲ್ಲ. ಸಂಸಾರ ಮಾಡಿದ ಬಹುತೇಕ ಎಲ್ಲರಿಗೂ ಎಂದಾದರೊಮ್ಮೆ ತಗಲಿ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದಾಗ ವೈರಸ್ಸಿನ ಇ6, ಇ7 ಎಂಬ ಪ್ರೋಟೀನುಗಳು ಜೀವಕೋಶದ ಲಗಾಮುಗಳನ್ನು ಒಂದೊಂದಾಗಿ ಕಳಚುತ್ತವೆ, ಮತ್ತು ಅದರ ಗುರುತಾಗಿ ಪಿ16 ಎಂಬ ಪ್ರೋಟೀನು ಕೋಶದಲ್ಲಿ ರಾಶಿಬೀಳುತ್ತದೆ. ಬಯಾಪ್ಸಿಗೆಂದು ಗರ್ಭಕೊರಳಿನಿಂದ ತೆಗೆದ ಚೂರಿಗೆ ಬಣ್ಣ ಕೊಟ್ಟಾಗ ನೀಲಿ ಕೋಶಗಳ ನಡುವೆ ಕಾಫಿ ಡಿಕಾಕ್ಷನ್ ಚೆಲ್ಲಿದಂತೆ ಕಂದು ಪಟ್ಟೆ ಮೂಡುವುದನ್ನು ನಾನು ಎಷ್ಟೋ ಸಲ ಸೂಕ್ಷ್ಮದರ್ಶಕದಡಿ ನೋಡಿದ್ದೇನೆ. ಈ ರೋಗದ ನಿಜವಾದ ಸೂಚಕ ಇರುವುದು ಅಲ್ಲಿ, ಆ ಅಂಗದ ಚೂರಿನಲ್ಲಿ. ತೋಳಿನಿಂದ ತೆಗೆದ ರಕ್ತದಲ್ಲಲ್ಲ.

ಸೋಂಕಿನಿಂದ ಕ್ಯಾನ್ಸರಿನವರೆಗಿನ ದಾರಿ ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ವರ್ಷದ್ದು. ಇಷ್ಟು ಸಮಯ ಕೊಡುವ ಕ್ಯಾನ್ಸರು ಇನ್ನೊಂದು ಸಿಗುವುದು ಕಷ್ಟ. ಆದರೂ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 80,000 ಮಹಿಳೆಯರು ಇದರಿಂದ ಸತ್ತರು.

ತಡೆಯುವ ವಿಧಾನ ಸಾಬೀತಾದದ್ದೂ ನಮ್ಮ ಈ ಊರಿನಲ್ಲೇ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಮುಂಬಯಿಯ ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದಲ್ಲಿ ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಕಲೆ ಏಳುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡಿದರು. ವಿಐಎ ಎನ್ನುವ ಈ ಪರೀಕ್ಷೆಯಿಂದ ಸಾವು ಶೇ 31ರಷ್ಟು ಇಳಿಯಿತು. ನಮ್ಮ ಬೀದರ್, ಕಲಬುರಗಿಗಳಿಗೆ ತಾಗಿಕೊಂಡಿರುವ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ ಒಂದೇ ಒಂದು ಸಲ ಮಾಡಿದ ಎಚ್‌ಪಿವಿ ಪರೀಕ್ಷೆಯಿಂದ ಸಾವು ಸುಮಾರು ಅರ್ಧಕ್ಕಿಳಿದದ್ದು 2009ರಲ್ಲಿ ಪ್ರಕಟವಾಗಿದೆ. ಪುಣೆಯ ಸೀರಮ್ ಸಂಸ್ಥೆಯ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ದೊರೆತಿದೆ. ಒಂಬತ್ತರಿಂದ ಹದಿನಾಲ್ಕರ ಹೆಣ್ಣುಮಕ್ಕಳಿರುವ ಮನೆಯವರು ಮಕ್ಕಳ ಡಾಕ್ಟರರನ್ನು ವಿಚಾರಿಸಬೇಕು. ಆದರೆ ಮಗಳಿಗೆ ಲಸಿಕೆ ಹಾಕಿಸಿದೆವೆಂದು ತಾಯಿ ತನ್ನ ಪರೀಕ್ಷೆ ಬಿಡುವಂತಿಲ್ಲ.

ಸಂಘಗಳ ಪದಾಧಿಕಾರಿಗಳ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಒಂದೇ ದಿನದಲ್ಲಿ ಇನ್ನೂರು ಜನರ ರಕ್ತ ತೆಗೆಯುವುದು ಸುಲಭ, ಪರದೆ ಕಟ್ಟಿ ಹೆಂಗಸರನ್ನು ಪರೀಕ್ಷಿಸುವುದು ಮುಜುಗರ, ಅಷ್ಟೇ. ಸಭಾಂಗಣದ ಹಿಂದಿನ ಕೋಣೆ, ಒಂದು ಮಂಚ, ಒಳ್ಳೆಯ ಬೆಳಕು, ತರಬೇತಿಯಿರುವ ನರ್ಸ್ ಇಷ್ಟು ಸಾಕು. ಎಚ್‌ಪಿವಿ ಪರೀಕ್ಷೆಯಾದರೆ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಲೂ ಬಹುದು. ಮೂವತ್ತು ದಾಟಿದವರಿಗೆ ಇದನ್ನು ಮೊದಲು ಇಡಲಿ. ದೋಷ ಕಂಡವರನ್ನು ಯಾವ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಎಂಬುದನ್ನು ಬ್ಯಾನರ್ ಬರೆಸುವ ಮೊದಲೇ ನಿಶ್ಚಯಿಸಿಕೊಳ್ಳಲಿ.

ಆ ಹೆಂಗಸನ್ನು ಮರುವಾರ ಸ್ತ್ರೀರೋಗ ತಜ್ಞೆಯ ಬಳಿಗೆ ನಾನೇ ಕರೆದುಕೊಂಡು ಹೋದೆ. ಬಯಾಪ್ಸಿ ಆಗಿದೆ, ವರದಿ ಇನ್ನೂ ಬರಬೇಕಿದೆ. ಸಿಎ-125ರ ಆ ಕಾಗದ ಈಗಲೂ ಅವರ ಪರ್ಸಿನಲ್ಲೇ ಇದೆ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಡೊಂಬಿವಲಿ ಪೂರ್ವ