ಕಡಲತೀರದ ಮದುವೆಗಳ ಬಗ್ಗೆ ನಮ್ಮ ಗ್ರಾಹಕರಿಗೆ

ವಿರಾಜಪೇಟೆ

ಆತ್ಮೀಯರೇ,

ಈ ನವೆಂಬರ್ 1ರಿಂದ ಕಡಲತೀರದ ಮದುವೆಗಳಲ್ಲಿ ಮುಹೂರ್ತವನ್ನು ಮರಳಿನ ಮೇಲೆ ನಾವು ನಡೆಸಿಕೊಡುವುದಿಲ್ಲ. ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಕಡಲತೀರದ ಬುಕಿಂಗನ್ನೇ ತೆಗೆದುಕೊಳ್ಳುವುದಿಲ್ಲ. ನಮ್ಮನ್ನು ನಂಬಿ ಈಗಾಗಲೇ ಮಾತಾಡಿಕೊಂಡವರಿಗೆ ಕಾರಣ ಹೇಳಲೇಬೇಕು.

ಕಳೆದ ಏಪ್ರಿಲ್‌ನಲ್ಲಿ ಒಂದು ಕೊಡವ ಮದುವೆಗೆ ಕಣ್ಣೂರು ಕಡೆ ಹೋಗಿದ್ದೆವು. ಜಾಗ ನೋಡಿದ್ದು ಒಂದು ವಾರ ಮುಂಚೆ, ಬೆಳಿಗ್ಗೆ 11ಕ್ಕೆ. ಕಾಫಿ ಕಣದಷ್ಟು ಅಗಲಕ್ಕೆ ಗಟ್ಟಿ ಮರಳು ಹಾಸಿತ್ತು. ಅಲ್ಲೇ ಮಂಟಪ ಎಂದು ಹೇಳಿ ಬಂದೆವು. ಮದುವೆ ದಿನ ಅದೇ 11ಕ್ಕೆ ಅಲೆ ಮಂಟಪದ ಮೆಟ್ಟಿಲು ಮುಟ್ಟಿತು. ಉಬ್ಬರ ದಿನಕ್ಕೆರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ವಾರ ಕಳೆಯುವಷ್ಟರಲ್ಲಿ ಇದು ಹತ್ತಿರ ಹತ್ತಿರ 6 ಗಂಟೆಯಾಗುತ್ತದೆ. ಇಳಿತ ಕಂಡ ಹೊತ್ತಿಗೇ ಉಬ್ಬರ ಬಂದು ನಿಲ್ಲುತ್ತದೆ. ನಾವು ನೋಡಿದ್ದು ಅಷ್ಟಮಿಯಂದು, ಮದುವೆ ಇದ್ದದ್ದು ಹುಣ್ಣಿಮೆಗೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುತ್ತದೆ. ಬೆಟ್ಟದವರಾದ ನಮಗೆ ಮಳೆಯ ಲೆಕ್ಕ ಗೊತ್ತಿತ್ತು, ಕಡಲಿನದು ಗೊತ್ತಿರಲಿಲ್ಲ. ಅಲ್ಲಿ ಬಲೆ ಹೆಣೆಯುತ್ತಿದ್ದ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳದೆ ಬಂದದ್ದು ನಮ್ಮ ತಪ್ಪು.

ನಮ್ಮ ಮುಹೂರ್ತ ಗಳಿಗೆಯಲ್ಲಿ ಮುಗಿಯುವಂಥದ್ದಲ್ಲ. ಮುಕ್ಕಾಲಿಯ ಮೇಲೆ ಕೂತ ಮದುಮಗಳಿಗೆ ನೆಂಟರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಕಿಂಡಿ ಎಂಬ ಕೊಂಬಿನ ಚೊಂಬಿನಿಂದ ಹಾಲು ಕೊಟ್ಟು ಹರಸುವಷ್ಟರಲ್ಲಿ ಎರಡು ಮೂರು ಗಂಟೆ ಹಿಡಿಯುತ್ತದೆ. ಅಂದು ಮುಕ್ಕಾಲಿಯ ಒಂದು ಕಾಲು ಒದ್ದೆ ಮರಳಿಗೆ ಇಳಿಯುತ್ತಲೇ ಹೋಯಿತು, ಮದುಮಗಳು ವಾಲಿಕೊಂಡೇ ಕೂತಿದ್ದಳು. ಗಾಳಿಗೆ ದೀಪ ನಿಲ್ಲಲಿಲ್ಲ. ನಮ್ಮ ಹುಡುಗನೊಬ್ಬ ಕೊನೆಯವರೆಗೂ ಅಂಗೈ ಅಡ್ಡ ಹಿಡಿದು ನಿಂತ. ಹರಸಲೆಂದೇ ಬಂದಿದ್ದ ಅಜ್ಜಿ ಊರುಗೋಲು ಹೂತುಹೋಗುತ್ತಿದೆ ಎಂದು ಅರ್ಧದಾರಿಯಲ್ಲೇ ನಿಂತುಬಿಟ್ಟರು. ಇಬ್ಬರು ಅವರನ್ನು ಕುರ್ಚಿ ಸಮೇತ ಎತ್ತಿ ತರಬೇಕಾಯಿತು. ಅವರ ಮುಖ ನೋಡಲು ನಮಗೆ ಧೈರ್ಯವಾಗಲಿಲ್ಲ.

ಇನ್ನು ಮುಂದೆ ಮುಹೂರ್ತ ಗಟ್ಟಿ ನೆಲದಲ್ಲಿ, ಸೂರಿನಡಿಯಲ್ಲಿ, ಕಡಲು ಕಾಣುವ ಹಾಗೆ. ಮರಳು ಮರುದಿನ ಸಂಜೆಯ ಕೂಟಕ್ಕಿರಲಿ. ಅದೂ ಅಂದಿನ ಉಬ್ಬರದ ಹೊತ್ತು ನೋಡಿಕೊಂಡು.

ಬಾವಿಯ ವಿಷಯವೂ ಇದೆ. ಆ ರೆಸಾರ್ಟಿನಲ್ಲಿ ಬಾವಿ ಇರಲಿಲ್ಲ. ಮದುಮಗಳು ಬಾವಿಯಿಂದ ನೀರು ತರುವ ಗಂಗಾಪೂಜೆಗೆ ನಲ್ಲಿ ನೀರು ಹಿಡಿದು ಬಿಂದಿಗೆ ತುಂಬಿಸಿದೆವು. ಯಾರೂ ಏನೂ ಅನ್ನಲಿಲ್ಲ, ಆದರೆ ಅದು ನಮ್ಮನ್ನು ಇವತ್ತಿಗೂ ಚುಚ್ಚುತ್ತದೆ. ಸಿಹಿನೀರಿನ ಬಾವಿಯಿಲ್ಲದ ಜಾಗವನ್ನು ಕೊಡವ ಮದುವೆಗೆ ನಾವು ಇನ್ನು ತೋರಿಸುವುದೇ ಇಲ್ಲ.

ಶಾಲೆಗೆ ರಜೆ ಎಂದು ಹೆಚ್ಚಿನವರು ಕೇಳುವುದು ಮೇ ತಿಂಗಳನ್ನೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮಂಗಳೂರಿನ ಬಳಿಯ ಉಳ್ಳಾಲ, ಸೋಮೇಶ್ವರದ ದಡ ಕೊಚ್ಚಿಹೋದದ್ದನ್ನು ನೀವೂ ನೋಡಿದ್ದೀರಿ. ಚಂಡಮಾರುತ ಬಾರದಿದ್ದರೂ ಆ ಸೆಕೆಯಲ್ಲಿ ಕುಪ್ಯ ಎಂಬ ಉದ್ದ ಕೋಟು ತೊಟ್ಟು ನಿಲ್ಲುವುದು ಹಿಂಸೆ. ಜೂನ್ ಬಂತೆಂದರೆ ಘಾಟಿಯ ಚಿಂತೆ. 2018ರಲ್ಲಿ ಕಣ್ಣೂರಿಗೆ ಇಳಿಯುವ ಮಾಕುಟ್ಟ ರಸ್ತೆಯೂ ಮಂಗಳೂರಿಗೆ ಇಳಿಯುವ ಸಂಪಾಜೆ ರಸ್ತೆಯೂ ಕುಸಿದು ಮುಚ್ಚಿದ್ದನ್ನು ಕಂಡ ಮೇಲೆ, ದಿಬ್ಬಣದ ಬಸ್ಸುಗಳನ್ನು ಮಳೆಗಾಲದಲ್ಲಿ ಆ ದಾರಿಗೆ ಬಿಡಲು ನಮಗೆ ಮನಸ್ಸಿಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿನ ಗಡಿಬಿಡಿ, ತೋಟ ಬಿಟ್ಟು ಮೂರು ದಿನ ಬರುವುದು ಕಷ್ಟವೆಂಬುದೂ ಗೊತ್ತು. ಅಂಥವರಿಗೆ ಏಪ್ರಿಲ್‌ನ ಮೊದಲ ಎರಡು ವಾರ ಕಾದಿರಿಸುತ್ತೇವೆ.

ಮದುವೆಯ ಮುನ್ನಾದಿನ ಊರವರು ಸೇರುವ ಊರ್‌ಕೂಡ್‌ನ ಹಿಂದಿನ ದಿನವೇ ಎಲ್ಲರೂ ತಲುಪಿರಬೇಕು. ಅಡುಗೆಯವರು, ಸಾರಿನ ಹುಳಿಗೆ ಕಾಚಂಪುಳಿ, ಕಡಂಬುಟ್ಟು ಎಂಬ ಕಡುಬಿನ ಅಕ್ಕಿ ತರಿ ಇಲ್ಲಿಂದಲೇ ಬರುತ್ತವೆ, ಅದರಲ್ಲಿ ಬದಲಾವಣೆಯಿಲ್ಲ. ರಾತ್ರಿ 10ರ ನಂತರ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ, ಹಾಗಾಗಿ ವಾಲಗದ ಕುಣಿತವನ್ನು ಸಂಜೆಯೇ ಶುರುಮಾಡೋಣ.

ಮುಂದಿನ ಮೇ ತಿಂಗಳಿಗೆ ಮುಂಗಡ ಕೊಟ್ಟವರು ದಿನ ಬದಲಿಸಬಹುದು, ಬೇಡವೆಂದರೆ ಪೂರ್ತಿ ಹಣ ಹದಿನೈದು ದಿನದೊಳಗೆ ವಾಪಸ್.

ಹೊಸದಾಗಿ ಮಾತಾಡಲು ಬರುವವರು ತಾರೀಖಿನ ಜೊತೆ ತಿಥಿಯನ್ನೂ ಬರೆದು ತನ್ನಿ. ಮನೆಯಲ್ಲಿ ಊರುಗೋಲು ಹಿಡಿದು ನಡೆಯುವವರು ಎಷ್ಟು ಮಂದಿ ಎಂಬುದನ್ನೂ ಮೊದಲೇ ಹೇಳಿ.

ಇಂತಿ,
ನಿಮ್ಮ ಮದುವೆ ತಂಡದ ಎಂಟು ಮಂದಿ